ಹಬೆ ಎಲ್ಲಿಗೆ ಹೋಯ್ತು ಅಂತ ಅಪ್ಪ ಕೇಳಿದರು

ನಮ್ಮ ಬೆಡ್‌ರೂಮಿನ ಕಿಟಕಿ ಪಕ್ಕ, ಗೋಡೆಯ ಮೂಲೆಯಲ್ಲಿ ಒಂದು ಕಪ್ಪು ಮಚ್ಚೆ ಇತ್ತು. ಮೊದಲ ಚಳಿಗಾಲದಲ್ಲಿ ನಾಲ್ಕಾಣೆಯಷ್ಟು ಅಗಲ. ಎರಡನೇ ಚಳಿಗಾಲದ ಹೊತ್ತಿಗೆ ಊಟದ ತಟ್ಟೆಯಷ್ಟಾಯಿತು. ಬ್ಲೀಚ್ ಹಾಕಿ ಒರೆಸಿದರೆ ಹೋಗುತ್ತಿತ್ತು, ಹದಿನೈದು ದಿನಕ್ಕೆ ಮತ್ತೆ ಹಾಜರ್. ಕೊನೆಗೆ ಪೇಂಟ್ ಮಾಡುವವನನ್ನು ಕರೆಸಿದೆವು. ಅವನು ಬಂದವನೇ ಗೋಡೆ ನೋಡಲಿಲ್ಲ. ಮನೆ ಬೆಚ್ಚಗಿಡುವ ರೇಡಿಯೇಟರ್ ಮುಂದೆ ಸ್ಟ್ಯಾಂಡಿನ ಮೇಲೆ ಹರವಿದ್ದ ಬಟ್ಟೆ ನೋಡಿದ. "ಮೊದಲು ಇದನ್ನ ಇಲ್ಲಿಂದ ಎತ್ತಿ, ಆಮೇಲೆ ನನ್ನ ಕರೀರಿ" ಅಂದು ಹೊರಟೇಬಿಟ್ಟ.

ಅವನು ಹೇಳಿದ್ದು ಸರಿಯೇ. ಚೆನ್ನಾಗಿ ಸ್ಪಿನ್ ಮಾಡಿ ತೆಗೆದ ಐದು ಕೆಜಿ ಬಟ್ಟೆಯಲ್ಲೂ ಹೆಚ್ಚುಕಮ್ಮಿ ಎರಡೂವರೆ ಲೀಟರ್ ನೀರು ಇರುತ್ತದೆ. ವಾರಕ್ಕೆ ನಾಲ್ಕು ಸಲ ಅಂದರೆ ಹತ್ತು ಲೀಟರ್. ಒಂದು ಬಕೆಟ್ ನೀರನ್ನು ನಾವೇ ಮನೆಯೊಳಗಿನ ಗಾಳಿಗೆ ಸುರಿಯುತ್ತಿದ್ದೆವು. ಚಳಿಗೆ ಕಿಟಕಿಯೆಲ್ಲ ಭದ್ರ. ಆ ನೀರು ಹೋಗುವುದಾದರೂ ಎಲ್ಲಿಗೆ? ತಣ್ಣಗಿರುವ ಗೋಡೆ ಹುಡುಕಿಕೊಂಡು ಹೋಗಿ ಕೂರುತ್ತಿತ್ತು.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಎರಡು ಬೆಡ್‌ರೂಮಿನ ಫ್ಲ್ಯಾಟ್, ಬಾಲ್ಕನಿ ಇಲ್ಲ. ಇಲ್ಲಿ ವಾಷಿಂಗ್ ಮೆಷಿನ್ ಇಡುವುದು ಅಡುಗೆಮನೆಯ ಕಟ್ಟೆಯ ಕೆಳಗೆ. ಅರವತ್ತು ಸೆಂಟಿಮೀಟರಿನ ಒಂದು ಗೂಡು, ಅಷ್ಟೇ. ಒಗೆಯುವುದಕ್ಕೊಂದು ಒಣಗಿಸುವುದಕ್ಕೊಂದು ಅಂತ ಎರಡು ಮೆಷಿನ್ ಇಡಬೇಕೆಂದರೆ ಒಂದನ್ನು ಸೋಫಾ ಪಕ್ಕ ಇಡಬೇಕು. ಹಾಗಾಗಿ ಎರಡೂ ಕೆಲಸ ಮಾಡುವ ವಾಷರ್ ಡ್ರೈಯರೇ ಗತಿ.

ಒದ್ದೆ ಬಟ್ಟೆಯ ಕಷ್ಟ ನನಗೇನು ಹೊಸದಲ್ಲ. ನಮ್ಮೂರು ತೀರ್ಥಹಳ್ಳಿ ಕಡೆ. ಆರಿದ್ರಾ ಮಳೆ ಹಿಡಿಯಿತೆಂದರೆ ಮುಗಿಯಿತು, ಅಂಗಳದ ತಂತಿಗೆ ಎರಡು ತಿಂಗಳು ರಜಾ. ಬಚ್ಚಲಲ್ಲಿ ಹಂಡೆ ಒಲೆಯ ಮೇಲೆ ಅಡ್ಡಕ್ಕೆ ಗಳ ಕಟ್ಟಿ, ಬಟ್ಟೆ ನೇತುಹಾಕುತ್ತಿದ್ದರು. ಸ್ಕೂಲ್ ಯೂನಿಫಾರ್ಮ್ ಹೊಗೆ ವಾಸನೆ. ಇಡೀ ಕ್ಲಾಸಿಗೇ ಅದೇ ವಾಸನೆ ಇದ್ದಿದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ!

ಇಲ್ಲಿ ನಮ್ಮ ಹತ್ತಿರ ಮೊದಲಿದ್ದದ್ದು ಹೀಟರ್ ಇರುವ ಮಾಮೂಲಿ ವಾಷರ್ ಡ್ರೈಯರ್. ಅದರ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಂಥ ಎಷ್ಟೋ ಮೆಷಿನ್‌ಗಳು ಬಟ್ಟೆ ಒಣಗಿಸುವುದಕ್ಕೂ ನೀರು ಕುಡಿಯುತ್ತವೆ. ಹೀಟರ್ ಗಾಳಿಯನ್ನು ಕಾಯಿಸುತ್ತದೆ, ಬಟ್ಟೆಯಿಂದ ಹಬೆ ಏಳುತ್ತದೆ, ಆ ಹಬೆಯನ್ನು ತಣ್ಣಗೆ ಮಾಡಿ ಇಳಿಸಲು ನಲ್ಲಿಯಿಂದ ತಣ್ಣೀರು ಬಿಡುತ್ತಾರೆ. ಅಂದರೆ ಕರೆಂಟ್ ಕೊಟ್ಟು ಬಿಸಿ ಮಾಡಿದ್ದನ್ನು ನೀರು ಕೊಟ್ಟು ತಣ್ಣಗೆ ಮಾಡಿ ಮೋರಿಗೆ ಕಳಿಸುವುದು. ಮೀಟರ್ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಸುಮ್ನೆ ಒಗೆಯುವುದಕ್ಕೆ ಮಾತ್ರ ಬಳಸಿ, ಬಟ್ಟೆಯನ್ನು ರೇಡಿಯೇಟರ್ ಮುಂದೆ ಹರವುತ್ತಿದ್ದೆವು. ಅದರ ಫಲವೇ ಆ ಕಪ್ಪು ಮಚ್ಚೆ.

ಆ ಹಳೇ ಮೆಷಿನ್ ಕೆಟ್ಟು ಕೂತಾಗ ಹೀಟ್ ಪಂಪ್ ಇರುವ ವಾಷರ್ ಡ್ರೈಯರ್ ತಂದೆವು. ಎರಡು ವರ್ಷದ ಮೇಲಾಯಿತು.

ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅವರು ಹಿಂದೆ ಮುಂದೆ ಎಲ್ಲ ತೋರಿಸಲು ಹೇಳಿ ನೋಡಿ, "ಹೌದನಾ, ಹಬೆ ಹೋಗಕ್ಕೆ ಪೈಪೇ ಇಲ್ವಲ್ಲ?" ಅಂದರು. ಮೆಷಿನ್ ತಂದ ಮೇಲೆ ನನ್ನನ್ನು ಈ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಇಲ್ಲಿನ ಗೆಳೆಯರೆಲ್ಲ ಕೇಳಿದ್ದು ಆ್ಯಪ್ ಇದೆಯಾ, ಕಲರ್ ಯಾವುದು ಅಂತ. ಅಪ್ಪ ಅಡಿಕೆ ಒಣಗಿಸಿದವರು. ಕೊಯ್ಲಿನ ಹೊತ್ತಿಗೆ ಮೋಡ ಕಟ್ಟಿದರೆ ಸೌದೆ ಹಾಕುವ ಡ್ರೈಯರೇ ದಿಕ್ಕು. ಬೆಂಕಿ ಎಷ್ಟೇ ಹಾಕು, ಹಬೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅಡಿಕೆ ಒಣಗುವುದಿಲ್ಲ, ಬೆವರುತ್ತದೆ. ಅವರಿಗೆ ಅದು ಗೊತ್ತು.

ನಾನು ಹೇಳಿದೆ, ಇದರಲ್ಲಿ ಹಬೆ ಹೊರಗೆ ಹೋಗುವುದೇ ಇಲ್ಲ ಅಪ್ಪಾ, ನಮ್ಮನೆ ಫ್ರಿಜ್ ಇದೆಯಲ್ಲ, ಅದನ್ನೇ ಮೆಷಿನ್ ಒಳಗೆ ಕೂರಿಸಿದ್ದಾರೆ ಅಂತ.

ನಿಜವಾಗಿಯೂ ಅಷ್ಟೇ. ಫ್ರಿಜ್‌ಗೆ ಒಳಗೆ ತಣ್ಣಗಿನ ಭಾಗ, ಹಿಂದೆ ಬಿಸಿ ಭಾಗ. ಒಳಗಿನ ಬಿಸಿಯನ್ನು ಹೊತ್ತು ತಂದು ಹಿಂದೆ ಬಿಡುವುದು ಕಂಪ್ರೆಸರಿನ ಕೆಲಸ. ಹೀಟ್ ಪಂಪ್ ಮೆಷಿನ್‌ನಲ್ಲಿ ಒಂದೇ ಗಾಳಿ ಸುತ್ತುತ್ತಿರುತ್ತದೆ. ಮೊದಲು ಬಿಸಿ ಕಾಯಿಲ್ (ಕೊಳವೆಯ ಸುರುಳಿ) ದಾಟಿ ಬಟ್ಟೆಗೆ ಬರುತ್ತದೆ, ನೀರು ಹೀರಿಕೊಳ್ಳುತ್ತದೆ. ಆಮೇಲೆ ತಣ್ಣನೆ ಕಾಯಿಲ್ ಮೇಲೆ ಹಾಯುತ್ತದೆ. ತಣ್ಣೀರಿನ ಸ್ಟೀಲ್ ಲೋಟದ ಹೊರಗೆ ಹನಿ ಕೂರುತ್ತದಲ್ಲ, ಹಾಗೆ ಅಲ್ಲಿ ನೀರು ಇಳಿಯುತ್ತದೆ. ಹಬೆ ನೀರಾಗುವಾಗ ಬಿಟ್ಟುಕೊಡುವ ಬಿಸಿ ಇದೆಯಲ್ಲ, ಅದನ್ನು ಕಂಪ್ರೆಸರ್ ಹಿಡಿದು ಮತ್ತೆ ಬಿಸಿ ಕಾಯಿಲ್‌ಗೇ ಕೊಡುತ್ತದೆ. ಗಾಳಿ ಮತ್ತೆ ಬಿಸಿಯಾಗಿ ಬಟ್ಟೆಗೆ. ಹೊಸದಾಗಿ ಕಾಯಿಸುವುದು ಕಡಿಮೆ, ಇದ್ದದ್ದನ್ನೇ ತಿರುಗಿಸುವುದು ಜಾಸ್ತಿ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಿಧಾನ ಆಗ್ಬೇಕಲ್ಲ" ಅಂದರು.

ಹೌದು, ನಿಧಾನ. ಇದರ ಒಳ್ಳೆಯದು ಕೆಟ್ಟದ್ದು ಎರಡೂ ಇರುವುದು ಆ ನಿಧಾನದಲ್ಲೇ. ಹೀಟರ್ ಮೆಷಿನ್‌ನಲ್ಲಿ ಗಾಳಿ ಸುಡುವಷ್ಟು ಬಿಸಿ. ಇದರಲ್ಲಿ ಸುಮಾರು 50 ಡಿಗ್ರಿ. ಬಟ್ಟೆ ಹಾಳಾಗುವುದು ಕಡಿಮೆ, ಕಾಟನ್ ಅಂಗಿ ಕುಗ್ಗುವುದು ಕಡಿಮೆ. ನನ್ನ ಹಳೇ ಪಂಚೆಗಳು ಇನ್ನೂ ಅಂಚು ಸುಕ್ಕಾಗದೆ ಉಳಿದಿವೆ. ಆದರೆ ಐದು ಕೆಜಿ ಬಟ್ಟೆ ಒಗೆದು ಒಣಗಿಸಿ ಕೊಡಲು ನಮ್ಮದಕ್ಕೆ ಐದು ಗಂಟೆಯ ಮೇಲೆ ಬೇಕು. ಭಾನುವಾರ ರಾತ್ರಿ ಎಂಟು ಗಂಟೆಗೆ ಮಗಳು "ಅಪ್ಪಾ, ನಾಳೆಗೆ ಪಿಇ ಡ್ರೆಸ್" ಅಂದರೆ, ಆ ದೇವರೇ ಗತಿ.

ಈಗ ದುಡ್ಡಿನ ಲೆಕ್ಕ. ಇಲ್ಲಿ ಮನೆಯಲ್ಲಿ ಸ್ಮಾರ್ಟ್ ಮೀಟರಿನ ಪುಟ್ಟ ಡಿಸ್‌ಪ್ಲೇ ಇರುತ್ತದೆ. ನಾನು ಹಳೆಯದು ಹೊಸದು ಎರಡನ್ನೂ ಬರೆದಿಟ್ಟಿದ್ದೇನೆ. ಹಳೆಯದಕ್ಕೆ ಒಂದು ಸಲ ಒಗೆದು ಒಣಗಿಸಲು 3.6 ಯೂನಿಟ್ ಆಗುತ್ತಿತ್ತು. ಹೊಸದಕ್ಕೆ 1.9. ಉಳಿತಾಯ 1.7 ಯೂನಿಟ್. ಯೂನಿಟ್ಟಿಗೆ 26 ಪೆನ್ಸ್ ಅಂತ ಹಿಡಿದರೆ ಒಂದು ಸಲಕ್ಕೆ 44 ಪೆನ್ಸ್. ವಾರಕ್ಕೆ ನಾಲ್ಕು ಸಲ ಓಡಿಸಿದರೆ ವರ್ಷಕ್ಕೆ ಸುಮಾರು 90 ಪೌಂಡ್. ನಾನು ಮಾಮೂಲಿ ಮೆಷಿನ್‌ಗಿಂತ ಜಾಸ್ತಿ ಕೊಟ್ಟದ್ದು 500 ಪೌಂಡ್. ಅಲ್ಲಿಗೆ ಹಾಕಿದ ದುಡ್ಡು ವಾಪಸ್ ಬರಲು ಐದೂವರೆ ವರ್ಷ. ನೀವು ವಾರಕ್ಕೆ ಎರಡೇ ಸಲ ಒಣಗಿಸುವವರಾದರೆ ಹನ್ನೊಂದು ವರ್ಷ. ಅಷ್ಟು ವರ್ಷ ಮೆಷಿನ್ ಬಾಳುತ್ತದಾ? ನನಗಂತೂ ನಂಬಿಕೆ ಇಲ್ಲ. ಹಾಗಾಗಿ "ಕರೆಂಟ್ ಬಿಲ್ ಉಳಿಯುತ್ತೆ" ಅಂತ ಅಂಗಡಿಯವನು ಹೇಳಿದರೆ ನಿಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ಸಲ ಅನ್ನುವುದನ್ನು ಮೊದಲು ಎಣಿಸಿ.

ಅಂಗಡಿಯಲ್ಲಿ ಇನ್ನೊಂದು ಆಟ ನಡೆಯುತ್ತದೆ. ಮುಂದೆ ದೊಡ್ಡದಾಗಿ "9 ಕೆಜಿ" ಅಂತ ಅಂಟಿಸಿರುತ್ತಾರೆ. ಅದು ಒಗೆಯುವುದಕ್ಕೆ. ಒಣಗಿಸುವುದಕ್ಕೆ 5 ಕೆಜಿ ಅನ್ನುವುದು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ. ಒಂಬತ್ತು ಕೆಜಿ ಒಗೆದಿರೋ, ಅರ್ಧ ಬಟ್ಟೆಯನ್ನು ಒದ್ದೆಯಲ್ಲೇ ಹೊರಗೆ ತೆಗೆಯಬೇಕು. ಎಲ್ಲಿಡುತ್ತೀರಿ? ಮತ್ತೆ ಅದೇ ರೇಡಿಯೇಟರ್ ಮುಂದೆ. ನಾವು ಮೊದಲ ತಿಂಗಳು ಇದೇ ತಪ್ಪು ಮಾಡಿದೆವು. ಎನರ್ಜಿ ಲೇಬಲ್ ಮೇಲೂ ಎರಡು ಅಕ್ಷರ ಇರುತ್ತವೆ, ಒಂದು ಬರೀ ಒಗೆಯುವುದಕ್ಕೆ, ಇನ್ನೊಂದು ಒಗೆದು ಒಣಗಿಸುವುದಕ್ಕೆ. ಜಾಹೀರಾತಿನಲ್ಲಿ ಯಾವುದನ್ನು ತೋರಿಸುತ್ತಾರೆ ಅಂತ ನಾನು ಹೇಳಬೇಕಾ?

ಡ್ರಮ್ ಒಂದೇ ಇರುವುದರಿಂದ, ಒಂದು ರೌಂಡ್ ಒಣಗಿ ಮುಗಿಯುವವರೆಗೆ ಇನ್ನೊಂದು ರೌಂಡ್ ಒಗೆಯಲು ಆಗುವುದಿಲ್ಲ. ಶನಿವಾರ ಕೂತು ವಾರದ ಬಟ್ಟೆಯೆಲ್ಲ ಮುಗಿಸುತ್ತೇನೆ ಅನ್ನುವವರಿಗೆ ಇದು ಆಗಿಬರುವುದಿಲ್ಲ. ನಾವು ಈಗ ದಿನ ಬಿಟ್ಟು ದಿನ, ರಾತ್ರಿ ಮಲಗುವಾಗ ಸ್ವಲ್ಪ ಸ್ವಲ್ಪ ಹಾಕುತ್ತೇವೆ. ಬೆಳಗ್ಗೆ ಕಾಫಿ ಹೊತ್ತಿಗೆ ಆಗಿರುತ್ತದೆ. ಅಮ್ಮ ದೋಸೆಗೆ ನೆನೆಹಾಕಿದ ಹಾಗೆ ಅಂದುಕೊಂಡರೆ ಸಿಟ್ಟು ಬರುವುದಿಲ್ಲ.

ನಿಜವಾದ ತಲೆನೋವು ಲಿಂಟ್. ಬಟ್ಟೆ ಒಣಗುವಾಗ ಉದುರುವ ನೂಲಿನ ಧೂಳು. ಬರೀ ಒಣಗಿಸುವ ಮೆಷಿನ್‌ನಲ್ಲಿ ಅದು ಒಣಗಿದ ಹತ್ತಿಯ ಹಾಗೆ ಜಾಲರಿಯಲ್ಲಿ ಕೂರುತ್ತದೆ, ಬೆರಳಲ್ಲಿ ಎತ್ತಿ ಬಿಸಾಡಬಹುದು. ಇಲ್ಲಿ ಅದೇ ಡ್ರಮ್ಮಿನಲ್ಲಿ ನೀರೂ ಆಡುತ್ತದೆ. ಒದ್ದೆ ಲಿಂಟ್ ಅಂದರೆ ನೆನೆದ ಕಾಗದದ ಹಿಟ್ಟು. ಅದು ಹೋಗಿ ತಣ್ಣನೆ ಕಾಯಿಲ್‌ನ ತೆಳು ರೆಕ್ಕೆಗಳ ಮಧ್ಯೆ ಮೆತ್ತಿಕೊಂಡರೆ ಗಾಳಿ ಓಡುವುದಿಲ್ಲ.

ನಮ್ಮದಕ್ಕೆ ಹದಿನಾಲ್ಕನೇ ತಿಂಗಳಲ್ಲಿ ಹೀಗಾಯಿತು. ಐದು ಗಂಟೆಯಲ್ಲಿ ಆಗುತ್ತಿದ್ದದ್ದು ಏಳು ಗಂಟೆ. ಆಮೇಲೆ ಎಂಟಾದರೂ ಟವೆಲ್ ತೇವ. ಕಂಪನಿಗೆ ಫೋನ್ ಮಾಡಿದರೆ "ಫಿಲ್ಟರ್ ಕ್ಲೀನ್ ಮಾಡಿ" ಅಂತ ಮೂರು ಸಲ ಹೇಳಿದರು. ಮಾಡಿದ್ದೆ. ಕೊನೆಗೆ ಬಂದ ಮೆಕ್ಯಾನಿಕ್ ಮೇಲಿನ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ನನ್ನನ್ನು ಕರೆದ. ಒಳಗೆ ನೋಡಿದರೆ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗಿತ್ತು. ಅದರಲ್ಲಿ ಮಗಳ ಗುಲಾಬಿ ಸ್ವೆಟರಿನ ಎಳೆಗಳು ಬೇರೆ, ಸ್ಪಷ್ಟವಾಗಿ ಗುರುತು ಸಿಗುತ್ತಿತ್ತು! ಅವನು ಮೆತ್ತನೆ ಬ್ರಷ್ ಹಿಡಿದು ಮುಕ್ಕಾಲು ಗಂಟೆ ಕೂತು ತೆಗೆದ. ಅದು ವಾರಂಟಿಯಲ್ಲಿ ಬರುವುದಿಲ್ಲವಂತೆ. 95 ಪೌಂಡ್ ಕೊಟ್ಟೆ. ವರ್ಷದ ಉಳಿತಾಯ ಅಲ್ಲಿಗೆ ಚುಕ್ತಾ.

ಈಗಿನ ಕೆಲವು ಮಾಡೆಲ್‌ಗಳಲ್ಲಿ ಕಾಯಿಲ್ ಮೇಲೆ ತಾನೇ ನೀರು ಹಾಯಿಸಿ ತೊಳೆದುಕೊಳ್ಳುವ ವ್ಯವಸ್ಥೆ ಇದೆ. ಕೊಳ್ಳುವಾಗ ನೀವು ಕೇಳಬೇಕಾದದ್ದು ಅದನ್ನು. ವೈಫೈ ಬೇಡ, ಹಾಡು ಹೇಳುವುದೂ ಬೇಡ. "ಕಾಯಿಲ್ ನನ್ನ ಕೈಗೆ ಸಿಗುತ್ತಾ, ಇಲ್ಲವಾದರೆ ಅದನ್ನ ಯಾರು ತೊಳೀತಾರೆ?" ಅಷ್ಟು ಕೇಳಿ. ಗ್ಯಾಸ್ ತುಂಬಿ ಸೀಲ್ ಮಾಡಿದ ಭಾಗ ಇರುವುದರಿಂದ ಎಲ್ಲ ಮೆಕ್ಯಾನಿಕ್ ಇದನ್ನು ಮುಟ್ಟುವುದಿಲ್ಲ, ಅದೂ ನೆನಪಿರಲಿ.

ಸಣ್ಣ ವಿಷಯ ಇನ್ನೊಂದು. ತೆಗೆದ ತಕ್ಷಣ ಬಟ್ಟೆ ಒದ್ದೆ ಅನಿಸುತ್ತದೆ. ಎಷ್ಟೋ ಸಲ ಅದು ಒದ್ದೆ ಅಲ್ಲ, ಕೈಗೆ ಹಾಗೆ ಅನಿಸುವುದು ಅಷ್ಟೇ. ಹತ್ತು ನಿಮಿಷ ಮಂಚದ ಮೇಲೆ ಹರಡಿ ಮುಟ್ಟಿ ನೋಡಿ. ಜೀನ್ಸಿನ ಸೊಂಟದ ಪಟ್ಟಿ ಮಾತ್ರ ನಿಜವಾಗಿಯೂ ಒದ್ದೆಯೇ ಇರುತ್ತದೆ.

ಅಮೆರಿಕದಲ್ಲಿರುವ ಭಾವನ ಲೆಕ್ಕ ಬೇರೆ. ಅಲ್ಲಿ ಡ್ರೈಯರ್‌ಗೆಂದೇ 240 ವೋಲ್ಟಿನ ಬೇರೆ ಪ್ಲಗ್, ಗೋಡೆ ತೂತು ಮಾಡಿ ಹೊರಗೆ ಹಬೆ ಬಿಡುವ ಪೈಪು. ಮನೆಯೊಳಗಿನ ಬಿಸಿ ಗಾಳಿಯನ್ನೇ ಎಳೆದು ಹೊರಗೆ ಊದುತ್ತದೆ. 2023ರಿಂದೀಚೆಗೆ ಅಲ್ಲಿ ದೊಡ್ಡ ಹೀಟ್ ಪಂಪ್ ಕಾಂಬೊಗಳು (ಒಗೆದು ಒಣಗಿಸುವ ಒಂದೇ ಮೆಷಿನ್) ಬಂದಿವೆ, ಮಾಮೂಲಿ 120 ವೋಲ್ಟ್ ಪ್ಲಗ್ಗಿಗೇ ಸಿಕ್ಕಿಸಬಹುದು, ಪೈಪ್ ಬೇಡ. ಪೈಪ್ ಹಾಕಲಾಗದ ಅಪಾರ್ಟ್‌ಮೆಂಟಿನವರಿಗೆ ವರ. ಸ್ವಿಟ್ಜರ್ಲೆಂಡ್ 2012ರಲ್ಲೇ ಹೀಟ್ ಪಂಪ್ ಇಲ್ಲದ ಡ್ರೈಯರ್ ಮಾರುವುದನ್ನು ಹೆಚ್ಚುಕಮ್ಮಿ ನಿಲ್ಲಿಸಿತು. 2025ರ ಜುಲೈ 1ರಿಂದ ಯುರೋಪಿಯನ್ ಒಕ್ಕೂಟದಲ್ಲೂ ಅದೇ ಧಾಟಿಯ ನಿಯಮ. ಆದರೆ ಅದು ಬರೀ ಒಣಗಿಸುವ ಮೆಷಿನ್‌ಗೆ, ನಮ್ಮ ಕಾಂಬೊಗೆ ಅಲ್ಲ.

ಬೆಂಗಳೂರಿನ ಗೆಳೆಯರು ಕೇಳುತ್ತಿರುತ್ತಾರೆ, ನಾವೂ ತಗೊಳ್ಳೋಣ್ವಾ ಅಂತ. ನನ್ನ ಉತ್ತರ: ಬೇಡ. ಯೂನಿಟ್ಟಿಗೆ ಸುಮಾರು 6 ರೂಪಾಯಿ ಲೆಕ್ಕದಲ್ಲಿ ಒಂದು ಸಲಕ್ಕೆ ಉಳಿಯುವುದು ಹತ್ತು ರೂಪಾಯಿ. ಹೆಚ್ಚಿಗೆ ಕೊಟ್ಟ ದುಡ್ಡು ವಾಪಸ್ ಬರುವ ಹೊತ್ತಿಗೆ ಮಕ್ಕಳ ಮದುವೆ ಆಗಿರುತ್ತದೆ. ಗೃಹಜ್ಯೋತಿಯಲ್ಲಿರುವವರು ಯಾವ ಡ್ರೈಯರ್ ತಂದರೂ ಸರಾಸರಿ ದಾಟುತ್ತದಾ ಅಂತ ಮೊದಲು ನೋಡಿಕೊಳ್ಳಿ. ಟೆರೇಸ್ ಇದೆ, ಬಿಸಿಲಿದೆ, ತಂತಿ ಕಟ್ಟಿ. ಆದರೆ ಮಲೆನಾಡು, ಕರಾವಳಿಯ ಮಳೆಗಾಲಕ್ಕೆ, ಮನೆಯಲ್ಲಿ ಪುಟ್ಟ ಮಗುವೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ, ಈಗಿರುವ ವಾಷಿಂಗ್ ಮೆಷಿನ್ ಹಾಗೇ ಇರಲಿ, ಪಕ್ಕದಲ್ಲಿ ಬೇರೆಯೇ ಒಂದು ಹೀಟ್ ಪಂಪ್ ಡ್ರೈಯರ್ ಇಡಿ. ಜಾಗ ಇರುವವರಿಗೆ ಯಾವ ದೇಶದಲ್ಲಾದರೂ ನಾನು ಹೇಳುವುದು ಅದನ್ನೇ. ಎರಡು ಮೆಷಿನ್, ಎರಡು ಡ್ರಮ್, ಲಿಂಟ್ ಒಣಗಿದ್ದು. ಒಂದು ಕೆಟ್ಟರೆ ಇನ್ನೊಂದಾದರೂ ಓಡುತ್ತದೆ.

ಜಾಗವೂ ಇಲ್ಲ, ಅಷ್ಟು ದುಡ್ಡೂ ಬೇಡ ಅನ್ನುವವರು ಸಣ್ಣ ರೂಮಿನಲ್ಲಿ ಬಟ್ಟೆ ಹರವಿ, ಬಾಗಿಲು ಹಾಕಿ, ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಹಚ್ಚಿಡಬಹುದು. ಕಂಪ್ರೆಸರ್ ಇರುವುದಾದರೆ ಅದರೊಳಗೂ ಇದೇ ಬಿಸಿ ಕಾಯಿಲ್, ತಣ್ಣನೆ ಕಾಯಿಲ್. ರೂಮೇ ಡ್ರಮ್ ಅಂದುಕೊಳ್ಳಿ. ಇದು ಮೊದಲೇ ಗೊತ್ತಿದ್ದರೆ ನಾನು ಬಹುಶಃ ಅಲ್ಲೇ ನಿಲ್ಲುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಿದ್ದರು. ಬಂದ ಮೂರನೇ ದಿನವೇ ಅಪ್ಪ ಮೆಷಿನ್ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ನೀರು ಹೋಗುವ ಪೈಪನ್ನು ಸಿಂಕಿನ ಕೆಳಗಿಂದ ಬಿಚ್ಚಿಸಿ, ಒಂದು ಜಗ್ಗಿಗೆ ಹಿಡಿಸಿದರು. ಒಣಗಿಸುವ ಹೊತ್ತು ಪೂರ್ತಿ, ಆಗಾಗ ಒಂದು ಗುಟುಕು ಬಂದು ಬಂದು ಎರಡು ಲೀಟರ್ ಚಿಲ್ಲರೆ ತುಂಬಿತು. ಅದನ್ನು ಬೆಳಕಿಗೆ ಹಿಡಿದು ನೋಡಿ, "ಹಂಗಾದ್ರೆ ಹಬೆ ಇದೇ ಅನ್ನು" ಅಂದರು. ಅಮ್ಮ ಅಷ್ಟರಲ್ಲಿ ತನ್ನ ಸೀರೆಗಳನ್ನು ಕೈಯಲ್ಲೇ ಹಿಂಡಿ, ಬೆಡ್‌ರೂಮಿನ ಕಿಟಕಿಗೆ ಅಡ್ಡ ಒಂದು ಹಗ್ಗ ಕಟ್ಟಿ ಆಗಿತ್ತು. ಸರಿಯಾಗಿ ಆ ಮಚ್ಚೆ ಇದ್ದ ಮೂಲೆಯಲ್ಲೇ.