ವೈರ್ ಕಿತ್ತು ಬಂದರೂ ಗಿಟಾರ್ ನಿಲ್ಲಲಿಲ್ಲ

ನಿನ್ನೆ ರಾತ್ರಿ ನಮ್ಮ ಏರಿಯಾದ ಗಣಪತಿ ಪೆಂಡಾಲಿನಲ್ಲಿ ‘ಲೈವ್ ರಾಕ್ ಬ್ಯಾಂಡ್’ ಇತ್ತು. ಫ್ಲೆಕ್ಸ್ ತುಂಬಾ ಬೆಂಕಿ, ತಲೆಬುರುಡೆ, ಅದರ ಪಕ್ಕದಲ್ಲೇ ಕೈಮುಗಿದು ನಿಂತ ಎಂಟು ಜನ ಮುಖಂಡರು. ದಾವಣಗೆರೆಯಲ್ಲಿ ರಾಕ್ ಅಂದಮೇಲೆ ನಾನು ಹೋಗದೇ ಇರ್ತೀನಾ? ಮಗಳನ್ನ ಕರ್ಕೊಂಡು, ಮಂಡಕ್ಕಿ ಮಿರ್ಚಿ ಪೊಟ್ಟಣ ಹಿಡ್ಕೊಂಡು, ಏಳಕ್ಕೇ ಮುಂದಿನ ಸಾಲಲ್ಲಿ ಕೂತೆ.

ಮೂರನೇ ಹಾಡು. ಗಿಟಾರ್ ಹುಡುಗ ಸ್ಪೀಕರ್ ಡಬ್ಬದ ಮೇಲಿಂದ ಹಾರಿದ. ಹಾರಿದ ರಭಸಕ್ಕೆ ಗಿಟಾರಿನ ವೈರ್ ಕಿತ್ತು ಕೇರೆಹಾವಿನ ಹಂಗೆ ಸ್ಟೇಜ್ ಮೇಲೆ ಬಿತ್ತು. ಸೋಲೋ, ಅಂದ್ರೆ ಗಿಟಾರ್ ಒಂದೇ ಮೆರೆಯೋ ಭಾಗ, ಮಾತ್ರ ಒಂದು ಸ್ವರವೂ ತಪ್ಪದೆ ಓಡ್ತಾನೇ ಇತ್ತು! ಮಗಳು ಕಿವಿಹತ್ರ ಬಂದು, “ಅಪ್ಪಾ, ವೈರ್ ಬಿದ್ದೋತು, ಆದ್ರೂ ಬರಾಕತ್ತೈತಲ್ಲ?” ಅಂದಳು. ಏನಂತ ಹೇಳ್ಲಿ? ಆಮೇಲೆ ಡ್ರಮ್ಮರ್ ಕಡೆ ನೋಡಿದೆ. ಸಿಂಬಲ್ ಸದ್ದು ಬಂದು ಹೋದ ಮೇಲೆ ಸಿಂಬಲ್ ಅಲ್ಲಾಡ್ತಿತ್ತು. ಕೀಬೋರ್ಡ್ ಹಿಂದೆ ಒಂದು ಲ್ಯಾಪ್‌ಟಾಪ್. ನಿಜವಾಗಿ ದುಡೀತಿದ್ದ ಕಲಾವಿದ ಅಂದ್ರೆ ಅದೊಂದೇ. ಹಾಡು ಮುಗಿದ ಮೇಲೆ ಹುಡುಗ ಮೆಲ್ಲಗೆ ಬಗ್ಗಿ ವೈರ್ ಸಿಗಿಸಿದ, “ಗುರ್ರ್” ಅಂತು. ಇಡೀ ರಾತ್ರಿ ನನಗೆ ಸಿಕ್ಕ ಲೈವ್ ಸಂಗೀತ ಅಷ್ಟೇ.

ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕ್ಕೊಂಡು ಕುಣೀರಿ, ಬೇಡ ಅನ್ನಲ್ಲ. ಆದ್ರೆ ಅದಕ್ಕೆ ಲೈವ್ ಅನ್ನಬೇಡ್ರಿ. ಫ್ರಿಜ್ಜಿನಲ್ಲಿದ್ದ ದೋಸೆ ಬಿಸಿ ಮಾಡಿ ಕೊಟ್ಟು, ಕಾವಲಿ ಮುಂದೆ ನಿಂತು ಬೆಣ್ಣೆ ಹಾಕಿದಂಗೆ ಆ್ಯಕ್ಟಿಂಗ್ ಮಾಡಿದ್ರೆ ಈ ಊರಿನ ಜನ ಸುಮ್ನೆ ಬಿಡ್ತಾರಾ? ಗಿಟಾರ್ ಅಂದ್ರೆ ಮಾತ್ರ ಯಾಕೆ ನಡೀತೈತಿ?

ನನ್ನನ್ನ ಕೆಡಿಸಿದ್ದು ಬ್ರಿಟನ್ನಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನವರ ‘ಮೇಡ್ ಇನ್ ಜಪಾನ್’ ಅನ್ನೋ ಲೈವ್ ಆಲ್ಬಮ್. ನಿಮಗೆಲ್ಲ ಗೊತ್ತು, ಬೇಜಾರಾಗಿದ್ರೂ ಇನ್ನೊಂದ್ಸಲ ಕೇಳ್ರಿ. 1972ರ ಆಗಸ್ಟ್‌ನಲ್ಲಿ ಒಸಾಕಾದಲ್ಲಿ ಎರಡು ರಾತ್ರಿ, ಟೋಕಿಯೋದಲ್ಲಿ ಒಂದು ರಾತ್ರಿ ನುಡಿಸಿದ್ದು. ಎರಡು ಎಲ್‌ಪಿಗೆ ಬರೀ ಏಳೇ ಹಾಡು. ಸ್ಟುಡಿಯೋದಲ್ಲಿ ಐದು ನಿಮಿಷವೂ ಇಲ್ಲದ ‘ಸ್ಪೇಸ್ ಟ್ರಕಿನ್’ ಇಲ್ಲಿ ಹತ್ತತ್ರ 20 ನಿಮಿಷ. ಒಂದು ಹಾಡಿನ ನಡುವೆ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ತುಣುಕು ಎಸೀತಾನೆ, ಗಿಲ್ಲನ್ ಅದನ್ನ ಗಂಟಲಲ್ಲಿ ವಾಪಸ್ ಎಸೀತಾನೆ. ಇವನು ಇನ್ನೂ ಮೇಲೆ, ಅವನು ಅದಕ್ಕಿಂತ ಮೇಲೆ. ಪಕ್ಕಾ ಸವಾಲ್-ಜವಾಬ್. ಮುಂದಿನ ಸ್ವರ ಏನು ಅಂತ ಅವರಿಬ್ಬರಿಗೂ ಗೊತ್ತಿರಲಿಕ್ಕಿಲ್ಲ ಅನ್ಸುತ್ತೆ, ನನಗೆ ಬೇಕಾಗಿದ್ದೂ ಅದೇ. ಅದೇ ರೆಕಾರ್ಡಿನಲ್ಲಿ ಗಿಲ್ಲನ್ ತಮಾಷೆಗೆ ‘ಎಲ್ಲಾನೂ ಎಲ್ಲಾದಕ್ಕಿಂತ ಜೋರಾಗಿ ಕೇಳಲಿ’ ಅಂತ ಕೇಳ್ತಾನೆ. ನಮ್ಮ ಪೆಂಡಾಲಿನವರು ಆ ಒಂದು ಮಾತನ್ನ ಮಾತ್ರ ಭಕ್ತಿಯಿಂದ ಪಾಲಿಸ್ತಿದ್ದಾರೆ.

ರಾಕ್ ಯಾಕೆ, ನಮ್ಮೂರಿಗೆ ಲೈವ್ ಅಂದ್ರೇನು ಅಂತ ಯಾರೂ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ರಂಗನಟಿ ಚಿಂದೋಡಿ ಲೀಲಾ ಅವರ ಊರು ಇದು. ಕಂಪನಿ ನಾಟಕದಲ್ಲಿ ಪಾತ್ರಧಾರಿ ಒಂದು ಸಾಲು ಹಾರಿಸಿದ್ರೆ ಹಾರ್ಮೋನಿಯಂ ನುಡಿಸೋ ಪೇಟಿ ಮಾಸ್ತರೂ ಹಾರಿಸಿ, ಮುಂದಿನ ಸಾಲಲ್ಲಿ ಕಾಯ್ತಾ ಕೂತಿರ್ತಿದ್ರು. ಜನ “ಒನ್ಸ್ ಮೋರ್” ಅಂದ್ರೆ ಸತ್ತು ಬಿದ್ದವನೂ ಎದ್ದು ಹಾಡಿ ಮತ್ತೆ ಸಾಯ್ತಿದ್ದ. ನಿನ್ನೆ ಲ್ಯಾಪ್‌ಟಾಪಿಗೆ ಒನ್ಸ್ ಮೋರ್ ಕೂಗೋಣ ಅಂತಿದ್ದೆ. ಮಗಳು ಅಂಗಿ ಹಿಡಿದು ಕೂರಿಸಿದಳು.

ಬೆಳಗ್ಗೆ ಸಂಘಟಕರಲ್ಲೊಬ್ಬ ಗೆಳೆಯನಿಗೆ ಫೋನ್ ಮಾಡಿ ಜಗಳಾಡಿದೆ. “ಜನಕ್ಕೆ ಮೊಬೈಲಿನಲ್ಲಿ ಕೇಳಿದಂಗೇ ಬೇಕು ಕಣೋ. ಅವರು ಎರಡು ತಾಸು ಸೌಂಡ್ ಚೆಕ್ ಮಾಡ್ತಾ ಕೂತ್ರೆ ಮಂಗಳಾರತಿ ಯಾವಾಗ ಮಾಡೋದು? ನಿನ್ನ ಆ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನವರೂ ಟೇಪ್ ಹಾಕ್ತಿದ್ರಲ್ಲ?” ಅಂದ. ಹಾಕ್ತಿದ್ರಪ್ಪ, ಗಡಿಯಾರದ ಸದ್ದಿಗೆ, ಚಿಲ್ಲರೆ ಕಾಸಿನ ಸದ್ದಿಗೆ. ಗಡಿಯಾರ ನುಡಿಸೋ ಕಲಾವಿದ ಎಲ್ಲಿ ಸಿಗ್ತಾನೆ? ಅವರ ಗಿಟಾರಿಸ್ಟ್ ಗಿಲ್ಮೋರನ ಗಿಟಾರನ್ನ ಗಿಲ್ಮೋರನೇ ನುಡಿಸ್ತಿದ್ದ. ಮೊಬೈಲಿನಲ್ಲಿ ಕೇಳಿದಂಗೇ ಬೇಕು ಅಂದ್ರೆ ಮೊಬೈಲನ್ನೇ ಗಣಪತಿ ಪಕ್ಕದಲ್ಲಿ ಇಡ್ರಿ, ಪಟ್ಟಿ ದುಡ್ಡಾದ್ರೂ ಉಳೀತೈತಿ.

ಸಿಟ್ಟು ಯಾಕಂದ್ರೆ, 2007ರ ಮಾರ್ಚ್ 17ರಂದು ನಾನು ಬೆಂಗಳೂರಿನ ಅರಮನೆ ಮೈದಾನದಲ್ಲಿದ್ದೆ. ಐರನ್ ಮೇಡನ್ ಬ್ಯಾಂಡಿನ ಲೈವ್ ಶೋ. ಮನೇಲಿ ಗೆಳೆಯನ ಮದುವೆ ಅಂತ ಸುಳ್ಳು ಹೇಳಿ ರೈಲು ಹತ್ತಿದ್ದು. (ಅಮ್ಮ ಫೇಸ್‌ಬುಕ್‌ನಲ್ಲಿಲ್ಲ, ಯಾರೂ ಓದಿ ಹೇಳಬೇಡ್ರಿ.) ‘ಫಿಯರ್ ಆಫ್ ದಿ ಡಾರ್ಕ್’ ಶುರುವಾದಾಗ ಗಿಟಾರಿನ ರಾಗಾನ ಇಡೀ ಮೈದಾನ ಬಾಯಲ್ಲೇ ಹಾಡ್ತು. ಮೂರು ದಿನ ನನ್ನ ದನಿ ಬರಲಿಲ್ಲ. ಮದುವೇಲಿ ಐಸ್‌ಕ್ರೀಂ ಜಾಸ್ತಿ ತಿಂದೆ ಅಂದೆ.

ಇನ್ನೊಂದು ವಿಷಯ. ಇದನ್ನ ಬರೀಬೇಕೋ ಬೇಡವೋ ಅಂತ ಅರ್ಧ ತಾಸು ಕೂತಿದ್ದೆ. ನಮ್ಮ ಕಾಲೇಜ್ ಡೇ ದಿನ ನೀವೆಲ್ಲ ಚಪ್ಪಾಳೆ ಹೊಡೆದ್ರಲ್ಲ, ಆ ಸೋಲೋ ನಾನು ನುಡಿಸಿದ್ದಲ್ಲ. ಕೈ ಕೂತಿರಲಿಲ್ಲ. ಗಿಟಾರಿನ ವಾಲ್ಯೂಮ್ ಸೊನ್ನೆಗೆ ತಿರುಗಿಸಿ ಬರೀ ಬೆರಳಾಡಿಸಿದೆ, ಹಿಂದೆ ಕೀಬೋರ್ಡಿನವನು ಬಾರಿಸಿದ. ಕಣ್ಣು ಬೇರೆ ಮುಚ್ಚಿಕೊಂಡಿದ್ದೆ, ತನ್ಮಯತೆ ಅಂತ. ನಿನ್ನೆ ಆ ಹುಡುಗನೂ ಕಣ್ಣು ಮುಚ್ಚಿಕೊಂಡೇ ನುಡಿಸ್ತಿದ್ದ. ವೈರ್ ಬಿದ್ದದ್ದು ಅವನಿಗೆ ಗೊತ್ತಾಗಿದ್ದೇ ಹಾಡು ಮುಗಿದ ಮೇಲೆ.

ಹಂಗಂತ ಅವನನ್ನ ಬಿಡಬೇಕಾ? ಬಿಡಲ್ಲ. ನನಗೆ ಅವತ್ತು ಯಾರಾದ್ರೂ “ಕಳ್ಳ” ಅಂತ ಕೂಗಿದ್ದಿದ್ರೆ ಆ ಸೋಲೋ ಕಲ್ತು ಬಿಡ್ತಿದ್ದೆನೇನೋ. ಇವತ್ತಿಗೂ ಬರಲ್ಲ.

ಅಂದಹಾಗೆ ನನ್ನ ‘ಮೇಡ್ ಇನ್ ಜಪಾನ್’ ಕ್ಯಾಸೆಟ್ ಯಾರ ಹತ್ರ ಐತಿ? 2003ರಲ್ಲಿ ಒಯ್ದವರು ಇದೇ ಫ್ರೆಂಡ್ಸ್ ಲಿಸ್ಟಲ್ಲಿ ಇದ್ದೀರಿ. ಲೈಕ್ ಒತ್ತೋದು ಬಿಟ್ಟು ತಂದುಕೊಡ್ರಿ.