ಮಲಗಿದರೆ ರಾಜಧಾನಿಗೆ, ಕುಣಿದರೆ ಪಂಚಾಯಿತಿಗೆ

ನಮ್ಮ ನೆಂಟರ ಊರು ಮಲೆನಾಡಿನ ಒಂದು ಗ್ರಾಮ ಪಂಚಾಯಿತಿ. ಅಲ್ಲೀಗ ಮನೆಗಳಿಗಿಂತ ಹೋಂಸ್ಟೇ ಫಲಕಗಳೇ ಹೆಚ್ಚು. ಶನಿವಾರ ಬೆಂಗಳೂರಿನ ಕಾರುಗಳು ಘಾಟಿ ಹತ್ತತೊಡಗಿದರೆ ಭಾನುವಾರ ಸಂಜೆಯವರೆಗೆ ಊರಿನವರು ತಮ್ಮ ಗದ್ದೆಗೆ ಹೋಗಲು ದಾರಿ ಬೇಡಬೇಕು. ಸೋಮವಾರ ಕಾರುಗಳು ಇರುವುದಿಲ್ಲ, ಅವು ಬಿಟ್ಟುಹೋದದ್ದು ಇರುತ್ತದೆ. ಪಂಚಾಯಿತಿಯ ಒಂದೇ ಒಂದು ಕಸದ ವಾಹನ ‘ಸ್ವಚ್ಛ ವಾಹಿನಿ’ ಅದನ್ನು ಹೊತ್ತು ಬುಧವಾರದವರೆಗೆ ಗುಡ್ಡ ಹತ್ತಿ ಇಳಿಯುತ್ತದೆ.

ಮೊನ್ನೆ ಹೋದಾಗ ನೆಂಟರ ಮನೆಯಲ್ಲಿ ಜಾಗವಿರಲಿಲ್ಲ (ಅದೂ ಹೋಂಸ್ಟೇ ಆಗಿದೆ, ನೆಂಟರಿಗೆ ರಿಯಾಯಿತಿ ಇಲ್ಲ). ಪಕ್ಕದ ರೆಸಾರ್ಟಿನಲ್ಲಿ ಉಳಿದೆ. ಕೋಣೆ ಬಾಡಿಗೆ 4,000 ರೂಪಾಯಿ, ಜಿಎಸ್‌ಟಿ 200. ಅದರಲ್ಲಿ ಕೇಂದ್ರಕ್ಕೆ 100, ರಾಜ್ಯಕ್ಕೆ 100. ಊರಿಗೆಷ್ಟು ಎಂದು ಬಿಲ್ಲನ್ನು ತಿರುವಿ ನೋಡಿದೆ. ಹಿಂಬದಿಯಲ್ಲಿ ‘ಮತ್ತೆ ಬನ್ನಿ’ ಎಂದಿತ್ತು.

ಕಾನೂನಿಗೆ ಹಾಸಿಗೆಯ ವಿಳಾಸ ಗೊತ್ತಿಲ್ಲ ಎನ್ನುವಂತಿಲ್ಲ. ದೆಹಲಿಯವನು ಮುಂಬೈಯಲ್ಲಿ ಕುಳಿತು ಮೊಬೈಲಿನಲ್ಲಿ ಕೋಣೆ ಕಾಯ್ದಿರಿಸಿದರೂ ರಾಜ್ಯದ ಪಾಲು ಹಾಸಿಗೆ ಇರುವ ರಾಜ್ಯಕ್ಕೇ ಸೇರಬೇಕು ಎಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ. ಹಾಸಿಗೆಯನ್ನು ಇಷ್ಟು ಜತನದಿಂದ ಹುಡುಕಿಕೊಂಡು ಬರುವ ಕಾಯ್ದೆ ವಿಧಾನಸೌಧದ ಮೆಟ್ಟಿಲಲ್ಲಿ ಕುಳಿತುಬಿಡುತ್ತದೆ, ಘಾಟಿ ಹತ್ತುವುದಿಲ್ಲ. 2017ಕ್ಕೆ ಮೊದಲು, ಕೋಣೆ ಬಾಡಿಗೆಯ ಮೇಲೆ ರಾಜ್ಯ ವಿಲಾಸ ತೆರಿಗೆ ಹಾಕುತ್ತಿದ್ದ ಕಾಲದಲ್ಲೂ ಅಷ್ಟೇ. ವಿಲಾಸ ಊರಲ್ಲಿ, ತೆರಿಗೆ ಬೊಕ್ಕಸದಲ್ಲಿ.

ಈ ತೆರಿಗೆಯ ದರ ತೀರ್ಮಾನಿಸುವ ಜಿಎಸ್‌ಟಿ ಮಂಡಳಿಯಲ್ಲಿ ಮತದ ಮೂರನೆಯ ಒಂದು ಭಾಗ ಕೇಂದ್ರದ್ದು, ಉಳಿದದ್ದು ರಾಜ್ಯಗಳದ್ದು. ಪಂಚಾಯಿತಿಗೆ ಆ ಸಭೆಯಲ್ಲಿ ಕಾಫಿ ಲೋಟ ತೆಗೆಯುವ ಹಕ್ಕೂ ಇಲ್ಲ. ಹಾಗಾಗಿಯೇ ಅಲ್ಲಿಂದ ಸೂಕ್ಷ್ಮವಾದ ತೀರ್ಮಾನಗಳು ಹೊರಬರುತ್ತವೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇಕಡಾ 5, ಅದನ್ನು ದಾಟಿದರೆ ಶೇಕಡಾ 18. ಬಾಡಿಗೆ ಒಂದು ರೂಪಾಯಿ ಏರಿದರೆ ತೆರಿಗೆ 975 ರೂಪಾಯಿ ಏರುತ್ತದೆ. ಇಷ್ಟು ಬುದ್ಧಿ ಖರ್ಚಾದ ಮೇಲೆ ಕಸದ ಬುಟ್ಟಿಯ ಬಗ್ಗೆ ಯೋಚಿಸಲು ಯಾರಿಗೆ ತ್ರಾಣ ಉಳಿದೀತು?

2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೇ ದೆಹಲಿಗೆ ಹೋಗಿ ಜಂತರ್ ಮಂತರ್‌ನಲ್ಲಿ ‘ನಮ್ಮ ತೆರಿಗೆ ನಮ್ಮ ಹಕ್ಕು’ ಎಂದು ಕೂಗಿತು. ಕೂಗಬೇಕಾದದ್ದೇ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 15ನೇ ಹಣಕಾಸು ಆಯೋಗ ಕರ್ನಾಟಕದ ಪಾಲನ್ನು ಶೇಕಡಾ 4.713ರಿಂದ 3.647ಕ್ಕೆ ಇಳಿಸಿತ್ತು. ನನ್ನ ಬಿಲ್ಲಿನ ಕೇಂದ್ರದ 100 ರೂಪಾಯಿಯನ್ನು ಅಂದಿನ ಆ ಲೆಕ್ಕಕ್ಕೆ ಹಾಕಿದರೆ ರಾಜ್ಯಗಳಿಗೆಲ್ಲ ಸೇರಿ 41, ಅದರಲ್ಲಿ ಕರ್ನಾಟಕಕ್ಕೆ ಒಂದೂವರೆ ರೂಪಾಯಿ. ಅಂದು ಟೀವಿಯ ಮುಂದೆ ಕುಳಿತು ನಾನೂ ಚಪ್ಪಾಳೆ ತಟ್ಟಿದ್ದೆ.

ಇದನ್ನು ಪಂಚಾಯಿತಿ ಅಧ್ಯಕ್ಷೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. “ಆ ಬ್ಯಾನರ್ ಈಗ ಎಲ್ಲಿದೆ ಸರ್? ಕೊಟ್ಟರೆ ನಾವು ಫ್ರೀಡಂ ಪಾರ್ಕಿನಲ್ಲಿ ಹಿಡಿದು ನಿಲ್ಲುತ್ತೇವೆ. ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.”

ಅನುದಾನ ಬರುತ್ತದಲ್ಲ ಎಂದೆ. ಅದರ ಲೆಕ್ಕಕ್ಕೆ ಊರಿನ ಜನಸಂಖ್ಯೆ ಬೇಕಂತೆ. ವಾರಾಂತ್ಯದವರು ಬಚ್ಚಲಿಗೆ ಸೇರುತ್ತಾರೆ, ಜನಸಂಖ್ಯೆಗೆ ಸೇರುವುದಿಲ್ಲ. ರೆಸಾರ್ಟಿನ ಕಟ್ಟಡ ತೆರಿಗೆ ಇದೆಯಲ್ಲ ಎಂದೆ. ಇದೆ. ಆದರೆ ಕಟ್ಟಡ ಖಾಲಿ ಇದ್ದರೂ ತುಂಬಿದ್ದರೂ ಅದು ಅಷ್ಟೇ. ಕಸ ಹಾಗಲ್ಲ.

ಅಷ್ಟರಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು 1993ರ ಪಂಚಾಯತ್ ರಾಜ್ ಕಾಯ್ದೆಯನ್ನು ತಂದು ಮೇಜಿನ ಮೇಲಿಟ್ಟರು. ಪಂಚಾಯಿತಿಗೆ ಹಕ್ಕುಗಳೇ ಇಲ್ಲ ಎನ್ನುವವರು ಅದನ್ನು ಓದಬೇಕು. ಜಾತ್ರೆಗೆ ಬರುವವರಿಗೆ ನೀರು, ನೈರ್ಮಲ್ಯದ ವ್ಯವಸ್ಥೆ ಮಾಡಿದರೆ ಯಾತ್ರಿಕರ ಶುಲ್ಕ ವಸೂಲಿ ಮಾಡಬಹುದು. ಈ ಊರಿನಲ್ಲಿ ಪ್ರತಿ ಶನಿವಾರವೂ ಜಾತ್ರೆಯೇ, ಆದರೆ ದೇವರಿಲ್ಲ. ಸಿನಿಮಾ ಬಿಟ್ಟು ಉಳಿದ ಮನರಂಜನೆಗೆ ತೆರಿಗೆ ಹಾಕಬಹುದು. ಅಂದರೆ ಅತಿಥಿ ಸುಮ್ಮನೆ ಮಲಗಿದರೆ ಹಣ ಬೆಂಗಳೂರಿಗೂ ದೆಹಲಿಗೂ ಹೋಗುತ್ತದೆ. ಎದ್ದು ಕುಣಿದರೆ ಪಂಚಾಯಿತಿಗೂ ಆಸೆ ಇದೆ. ಊರಿನ ಬೊಕ್ಕಸದ ಹಿತ ಬಯಸುವವರು ಪ್ರವಾಸಿಗರನ್ನು ರಾತ್ರಿಯಿಡೀ ಮಲಗಗೊಡಬಾರದು. ರೆಸಾರ್ಟಿನ ಸ್ಪೀಕರ್ ಸದ್ದಿನಿಂದ ನಿದ್ದೆ ಕೆಟ್ಟವರು ಇನ್ನು ಮುಂದೆ ಪೊಲೀಸರಿಗೆ ದೂರು ಕೊಡುವ ಮೊದಲು ಪಂಚಾಯಿತಿಗೆ ಆಗುವ ನಷ್ಟವನ್ನೂ ನೆನೆಯಲಿ.

ಮೂರನೆಯದು ಇನ್ನೂ ಸೊಗಸು: ಮೋಟಾರು ವಾಹನಗಳನ್ನು ಬಿಟ್ಟು ಉಳಿದ ವಾಹನಗಳ ಮೇಲಿನ ತೆರಿಗೆ. ಬೆಂಗಳೂರಿನ ಜನ ಎತ್ತಿನಗಾಡಿ ಕಟ್ಟಿಕೊಂಡು ವಾರಾಂತ್ಯ ಕಳೆಯಲು ಬಂದಿದ್ದರೆ ಈ ಪಂಚಾಯಿತಿ ಇಷ್ಟು ಹೊತ್ತಿಗೆ ರಾಜ್ಯಕ್ಕೇ ಸಾಲ ಕೊಡುತ್ತಿತ್ತು.

ಎತ್ತಿನಗಾಡಿ ಎಂದದ್ದೇ ಅಧ್ಯಕ್ಷೆಯ ಮುಖ ಅರಳಿತು. ರೆಸಾರ್ಟಿನ ಬಾಗಿಲಲ್ಲೇ ಒಂದು ಗಾಡಿ ಇದೆ! ಬಿಲ್ ಕಲೆಕ್ಟರ್ ರಸೀದಿ ಪುಸ್ತಕ ಹಿಡಿದು ಓಡಿದ. ಅರ್ಧ ಗಂಟೆಯಲ್ಲಿ ಬರಿಗೈಯಲ್ಲಿ ಬಂದ. ಗಾಡಿ ಇರುವುದು ನಿಜ, ಬಣ್ಣ ಬಳಿದು ಹೂವಿನ ಹಾರವನ್ನೂ ಹಾಕಿದ್ದಾರೆ. ಆದರೆ ಚಕ್ರಗಳನ್ನು ಸಿಮೆಂಟಿನಲ್ಲಿ ಹೂತಿದ್ದಾರೆ, ಎತ್ತುಗಳು ಫೈಬರಿನವು, ಜನ ಏರುವುದು ಸೆಲ್ಫಿಗೆ ಮಾತ್ರ.

ಚಲಿಸದ ಗಾಡಿ ವಾಹನವೋ, ಮನರಂಜನೆಯೋ, ಕಟ್ಟಡವೋ ಎಂದು ಸ್ಪಷ್ಟನೆ ಕೋರಿ ತಾಲ್ಲೂಕು ಪಂಚಾಯಿತಿಗೆ ಪತ್ರ ಹೋಗಿದೆ.