ಖಳರು ಬೇಕಾಗಿದ್ದಾರೆ

ಜಗತ್ತು ಮುಳುಗಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಸೂಪರ್‌ಹೀರೋ ಕತೆಯೊಳಗೆ ಒಂದು ಮೀಟಿಂಗ್ ನಡೆಯುತ್ತದೆ. ಅರೆಗತ್ತಲ ಕೋಣೆ, ಉದ್ದನೆಯ ಮೇಜು, ಅದರ ಮೇಲೆ ದಪ್ಪನೆಯ ಫೈಲು. ಅಧಿಕಾರಿಯೊಬ್ಬರು ಫೈಲು ಬಿಚ್ಚಿ ಒಂದೊಂದೇ ಫೋಟೊ ತೆಗೆದು ಮೇಜಿನ ಮೇಲೆ ಜಾರಿಸುತ್ತಾರೆ. ಇವನು ಬಾಡಿಗೆ ಕೊಲೆಗಾರ, ಗುರಿ ತಪ್ಪುವವನಲ್ಲ. ಇವಳೊಳಗೆ ಒಬ್ಬ ಮಾಟಗಾತಿ ಇದ್ದಾಳೆ, ಕರೆದರೆ ಬರುತ್ತಾಳೆ, ಹೋಗು ಎಂದರೆ ಹೋಗುವುದಿಲ್ಲ. ಇವನು... ಇವನ ವಿಷಯ ಆಮೇಲೆ ನೋಡೋಣ. ಎದುರು ಕೂತವರಲ್ಲಿ ಒಬ್ಬರಾದರೂ 'ಇದು ಹುಚ್ಚುತನ' ಎನ್ನಲೇಬೇಕು, ಅದು ಆ ಮೀಟಿಂಗಿನ ಶಿಷ್ಟಾಚಾರ. ಹಾಗೆ ಅಂದಾದ ಮೇಲೆ, ಜಗತ್ತು ಉಳಿಸಲು ಜೈಲಿನಲ್ಲಿರುವ ಈ ಖಳರನ್ನೇ ಕರೆಯುವುದೆಂದು ಎಲ್ಲರೂ ಒಪ್ಪುತ್ತಾರೆ.

ಮುಂದೆ ಬರುವ ಮಹಾಯುದ್ಧಕ್ಕಿಂತ ನನಗೆ ಈ ಮೀಟಿಂಗೇ ಇಷ್ಟ. ಯುದ್ಧದಲ್ಲಿ ಕಟ್ಟಡ ಉರುಳುತ್ತವೆ, ಆಕಾಶಕ್ಕೆ ತೂತು ಬೀಳುತ್ತದೆ, ಯಾರು ಯಾರಿಗೆ ಹೊಡೆದರೆಂದು ಹೊಡೆಸಿಕೊಂಡವರಿಗೂ ತಿಳಿಯುವುದಿಲ್ಲ. ಮೀಟಿಂಗಿನ ಬೆನ್ನಿಗೇ ಜೈಲಿನಲ್ಲಿ ಚೌಕಾಸಿ ಶುರುವಾಗುತ್ತದೆ, ಮಜಾ ಇರುವುದು ಅಲ್ಲಿ. ನಾಯಕರ ತಂಡದಲ್ಲಿ ಚೌಕಾಸಿ ಎಂಬುದಿಲ್ಲ. ಅಪಾಯ ಎಂದು ಕೂಗಿದರೆ ಸಾಕು, ಮೇಲಂಗಿ ಕೊಡವಿಕೊಂಡು ಹಾರಿಬರುತ್ತಾರೆ. ಸಂಬಳ ಎಷ್ಟು, ರಜೆ ಉಂಟೋ ಇಲ್ಲವೋ, ಸತ್ತರೆ ಮನೆಯವರ ಗತಿ ಏನು, ಒಬ್ಬರೂ ಕೇಳುವುದಿಲ್ಲ. ಖಳ ಮಾತ್ರ ಕಂಬಿಯ ಹಿಂದೆ ಆರಾಮವಾಗಿ ಒರಗಿಕೊಂಡು ಮೊದಲ ಮಾತಿಗೇ ಕೇಳುತ್ತಾನೆ: 'ನನಗೇನು ಸಿಗುತ್ತೆ?' ಇಡೀ ಕತೆಯಲ್ಲಿ ವ್ಯವಹಾರಜ್ಞಾನ ಇರುವ ಪ್ರಶ್ನೆ ಅದೊಂದೇ.

ಮೊದಲೆಲ್ಲ ಅವನಿಗೆ ಇಷ್ಟು ಬೇಡಿಕೆ ಇರಲಿಲ್ಲ. 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನೀತಿಸಂಹಿತೆಯ ಪ್ರಕಾರ ಪ್ರತಿ ಕತೆಯಲ್ಲೂ ಒಳಿತೇ ಗೆಲ್ಲಬೇಕು, ತಪ್ಪು ಮಾಡಿದವನಿಗೆ ಶಿಕ್ಷೆ ಆಗಲೇಬೇಕು. ಅಂದಮೇಲೆ ಖಳನಿಗೆ ಇದ್ದದ್ದು ಸೋಲುವ ಕೆಲಸ ಒಂದೇ. 1965ರ ಹೊತ್ತಿಗೆ ಸಣ್ಣ ಬಾಗಿಲೊಂದು ತೆರೆಯಿತು. ಐರನ್ ಮ್ಯಾನ್, ಥಾರ್ ಮೊದಲಾದವರು ಮಾರ್ವೆಲ್ ಕಾಮಿಕ್ಸ್‌ನ ನಾಯಕರ ಕೂಟವಾದ ಅವೆಂಜರ್ಸ್ ತಂಡ ಬಿಟ್ಟು ಹೋದಾಗ ಅವರ ಜಾಗಕ್ಕೆ ಬಂದ ಹಾಕ್‌ಐ, ಕ್ವಿಕ್‌ಸಿಲ್ವರ್, ಸ್ಕಾರ್ಲೆಟ್ ವಿಚ್ ಮೂವರೂ ಅಲ್ಲಿಯವರೆಗೆ ಎದುರು ಪಾಳೆಯದವರು. ಹಾಕ್‌ಐ ಅಂತೂ ಅರ್ಜಿ ಹಾಕಿದ ರೀತಿಯೇ ಚೆಂದ: ಅವೆಂಜರ್ಸ್ ಬಂಗಲೆಗೆ ನುಗ್ಗಿ, ಬಟ್ಲರ್ ಜಾರ್ವಿಸ್‌ನನ್ನು ಕಟ್ಟಿಹಾಕಿ, ಆಮೇಲೆ ಬಾಣ ಬಿಟ್ಟು ಆ ಕಟ್ಟು ಬಿಡಿಸಿ ತೋರಿಸಿದ. ಕೆಲಸ ಸಿಕ್ಕಿತು. ಜಾರ್ವಿಸ್‌ನ ಅಭಿಪ್ರಾಯವನ್ನು ಯಾರಾದರೂ ಕೇಳಿದರೋ ಇಲ್ಲವೋ.

ಆದರೆ ಆ ಮೂವರೂ ಒಳ್ಳೆಯವರಾಗಲು ಹೊರಟವರು. ನನ್ನ ಕುತೂಹಲ ಇರುವುದು ಒಳ್ಳೆಯವರಾಗುವ ಯಾವ ಆಸೆಯೂ ಇಲ್ಲದವರ ಮೇಲೆ. ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಯಾವ ಷರತ್ತು ಹಾಕುತ್ತಾರೆ ನೋಡಿ, ಖಳನಿಗಿಂತ ಹೆಚ್ಚಾಗಿ ಷರತ್ತು ಬರೆದವರ ಬಣ್ಣ ಅಲ್ಲಿ ಬಯಲಾಗುತ್ತದೆ.

1985ರಲ್ಲಿ ಡಿಸಿ ಕಾಮಿಕ್ಸ್ ತನ್ನ ಸಮಾನಾಂತರ ಬ್ರಹ್ಮಾಂಡಗಳನ್ನೆಲ್ಲ ಒಂದೊಂದಾಗಿ ಅಳಿಸಿಹಾಕುವ ಒಂದು ಮಹಾಕತೆ ತೆಗೆಯಿತು. ಪ್ರಳಯ ತಡೆಯಲು ಹೊರಟ ಮಾನಿಟರ್ ಎಂಬ ಹಿರಿಯ, ನಾಯಕ-ಖಳ ಎನ್ನದೆ ಎಲ್ಲರನ್ನೂ ಗುಡ್ಡೆ ಹಾಕಿದ. ಅದರಲ್ಲಿ ಹಿಮದ ಶಕ್ತಿಯ ಕಿಲ್ಲರ್ ಫ್ರಾಸ್ಟ್ ಇದ್ದಳು, ಅವಳ ಬದ್ಧವೈರಿ ಫೈರ್‌ಸ್ಟಾರ್ಮ್ ಕೂಡ ಇದ್ದ. ಒಂದೇ ತಂಡದಲ್ಲಿ ಇಬ್ಬರನ್ನೂ ಇಡುವುದು ಹೇಗೆ? ಭಾವನೆಗಳನ್ನು ತಿರುಚಬಲ್ಲ ಸೈಕೋ-ಪೈರೇಟ್‌ನಿಂದ ಅವಳ ಮನಸ್ಸು ತಿರುಗಿಸಿ, ಅವಳು ಫೈರ್‌ಸ್ಟಾರ್ಮ್‌ನನ್ನು ಪ್ರೀತಿಸುವಂತೆ ಮಾಡಿಬಿಟ್ಟರು! ಕತೆಯಲ್ಲಿ ಇದು ತಮಾಷೆಯಂತೆ ಸರಿದುಹೋಗುತ್ತದೆ. ನನಗೆ ಮಾತ್ರ ಬ್ರಹ್ಮಾಂಡ ಅಳಿಸುವವನಿಗಿಂತ ಬ್ರಹ್ಮಾಂಡ ಉಳಿಸುವವನ ಈ ಉಪಾಯವೇ ಹೆಚ್ಚು ಮೈ ಜುಮ್ಮೆನಿಸಿತು. ಪಾಪ, ಅವಳಿಗೆ 'ನನಗೇನು ಸಿಗುತ್ತೆ' ಎಂದು ಕೇಳುವ ಅವಕಾಶವೂ ಸಿಗಲಿಲ್ಲ.

ಅಮಾಂಡಾ ವಾಲರ್ ಈ ವಿಷಯದಲ್ಲಿ ಎಷ್ಟೋ ಪ್ರಾಮಾಣಿಕಳು. 1987ರಲ್ಲಿ ಜಾನ್ ಆಸ್ಟ್ರಾಂಡರ್ ಬರೆಯತೊಡಗಿದ ಸೂಸೈಡ್ ಸ್ಕ್ವಾಡ್ ಸರಣಿಯಲ್ಲಿ ಖಳರ ತಂಡ ನಡೆಸುವ ಸರ್ಕಾರಿ ಅಧಿಕಾರಿ ಈಕೆ. ಹಾರಲು ಬಾರದು, ಕಣ್ಣಲ್ಲಿ ಬೆಂಕಿ ಬಾರದು, ಇರುವುದು ಒಂದು ಫೈಲು ಮತ್ತು ಯಾರಿಗೂ ಬಗ್ಗದ ದನಿ. ಲೂಸಿಯಾನಾದ ಬೆಲ್ ರೀವ್ ಜೈಲಿನಲ್ಲಿರುವ ಖಳರ ಮುಂದೆ ಅವಳು ಇಡುವ ಒಪ್ಪಂದ ಸರಳ: ಹೇಳಿದ ಕೆಲಸ ಮಾಡಿ ಜೀವಂತ ಹಿಂದಿರುಗಿದರೆ ಶಿಕ್ಷೆ ಮಾಫಿ ಅಥವಾ ಕಡಿತ, ಓಡಿಹೋದರೆ ಮಣಿಕಟ್ಟಿಗೆ ಕಟ್ಟಿದ ಬಳೆ ಸಿಡಿಯುತ್ತದೆ. ಸಿನಿಮಾಕ್ಕೆ ಬರುವ ಹೊತ್ತಿಗೆ ಬಳೆ ಹೋಗಿ ಚರ್ಮದಡಿ ಬಾಂಬು ಬಂತು. ಲಂಕೆಯಿಂದ ಹಾರಿಬಂದ ವಿಭೀಷಣನನ್ನು ಕಂಡು ಸುಗ್ರೀವ ಬೇಡವೇ ಬೇಡ ಎಂದಿದ್ದ, ರಾಮ ಶರಣಾಗತನೆಂದು ಸೇರಿಸಿಕೊಂಡ. ವಾಲರ್ ಆ ದಡದಲ್ಲಿ ಇದ್ದಿದ್ದರೆ ಇಬ್ಬರ ಮಾತಿಗೂ ತಲೆದೂಗಿ, ವಿಭೀಷಣನ ಕೈಗೊಂದು ಬಳೆ ತೊಡಿಸಿರುತ್ತಿದ್ದಳು.

ಬಳೆ ಬರೀ ಬೆದರಿಕೆ ಇರಬಹುದಲ್ಲ? ತಂಡದ ಒಬ್ಬನಿಗೆ ಈ ಸಂಶಯ ಬಂತು. ಆದರೆ ತನ್ನ ಕೈಯ ಮೇಲೆಯೇ ಪ್ರಯೋಗ ಮಾಡುವಷ್ಟು ದಡ್ಡನಲ್ಲ ಅವನು. ಪಕ್ಕದಲ್ಲಿದ್ದ ಸ್ಲಿಪ್‌ನಾಟ್ ಎಂಬವನ ಕಿವಿಯೂದಿ, ಇದೆಲ್ಲ ಸುಳ್ಳು, ಓಡು ಎಂದ. ಸ್ಲಿಪ್‌ನಾಟ್ ಓಡಿದ, ತೋಳು ಕಳೆದುಕೊಂಡ. ಸಂಶಯ ನಿವಾರಣೆಯಾಯಿತು.

ಆ ಸಂಶಯಾತ್ಮನೇ, ನಾನು ಆಮೇಲೆ ನೋಡೋಣ ಎಂದ ಮೂರನೆಯ ಫೋಟೊದವನು: ಕ್ಯಾಪ್ಟನ್ ಬೂಮರಾಂಗ್. ಅವನ ಶಕ್ತಿ ಏನು ಎಂದರೆ, ಬೂಮರಾಂಗ್ ಎಸೆಯುತ್ತಾನೆ. ಅದು ಹಿಂದೆ ಬರುತ್ತದೆ. ಅಷ್ಟೇ. ದೇಶದ ಗುಪ್ತ ಕಾರ್ಯಾಚರಣೆಗೆ ಈ ಮನುಷ್ಯನನ್ನು ಯಾಕೆ ಆರಿಸಿದರು ಎಂದು ಯಾವ ಮೀಟಿಂಗಿನಲ್ಲೂ ಸರಿಯಾಗಿ ವಿವರಿಸಿದಂತಿಲ್ಲ. ಅವನೋ ಪರಮ ಸೋಮಾರಿ, ಹೇಡಿ, ಬಾಯಿಹರುಕ. ತಂಡದಲ್ಲಿದ್ದುಕೊಂಡೇ ಮಿರರ್ ಮಾಸ್ಟರ್ ಎಂಬ ಬೇರೊಬ್ಬ ಖಳನ ವೇಷ ತೊಟ್ಟು ಬಿಡುವಿನಲ್ಲಿ ಕಳ್ಳತನಕ್ಕೆ ಹೋಗಿಬರುತ್ತಿದ್ದ. ಅದೇ ಸರಣಿಯಲ್ಲಿ ಯಾರೋ ಮರೆಯಲ್ಲಿ ನಿಂತು ಜೈಲಿನವರ ಮುಖಕ್ಕೆಲ್ಲ ಕ್ರೀಮ್ ಪೈ ಎಸೆಯುವ ಒಂದು ಪತ್ತೇದಾರಿ ಎಳೆ ಸಂಚಿಕೆಗಟ್ಟಲೆ ಓಡುತ್ತದೆ. ಕೊನೆಗೆ ಎಸೆಯುತ್ತಿದ್ದವನು ಅವನೇ ಎಂದು ಗೊತ್ತಾಗುತ್ತದೆ. ಸಾವು ತಲೆಯ ಮೇಲೆ ತೂಗುತ್ತಿರುವಾಗ ಕೂತು ಪೈ ಎಸೆಯುವುದಕ್ಕೂ ಒಂದು ಎದೆಗಾರಿಕೆ ಬೇಕು. ಸೂಪರ್‌ಮ್ಯಾನ್‌ನಿಂದ ಇದು ಸಾಧ್ಯವಿಲ್ಲ.

ವಾಲರ್ ಎಂಥವಳು ಎಂದು ತಿಳಿಯಲು ಬ್ಯಾಟ್‌ಮನ್ ಜೊತೆ ಅವಳ ಭೇಟಿ ಓದಬೇಕು. ಅವನು ಮ್ಯಾಚಸ್ ಮಲೋನ್ ಎಂಬ ಪುಡಿ ರೌಡಿಯ ವೇಷದಲ್ಲಿ ಬೆಲ್ ರೀವ್ ಹೊಕ್ಕು ಈ ಗುಟ್ಟಿನ ವ್ಯವಹಾರವನ್ನೆಲ್ಲ ಪತ್ತೆಹಚ್ಚುತ್ತಾನೆ, ಬಯಲು ಮಾಡುತ್ತೇನೆ ಎಂದು ಗುಡುಗುತ್ತಾನೆ. ವಾಲರ್ ಕದಲುವುದಿಲ್ಲ. ಮಲೋನ್ ಆಗಿ ಬಂದಾಗ ಕೈಗವಸು ಇರಲಿಲ್ಲ, ಬೆರಳಚ್ಚು ಇಲ್ಲೆಲ್ಲೋ ಉಳಿದಿರುತ್ತದೆ, ನೀನು ಯಾರೆಂದು ಹುಡುಕಿಸಲೇ ಎಂಬ ಅರ್ಥದ ಮಾತಾಡುತ್ತಾಳೆ. ಜಗತ್ತಿನ ಮಹಾ ಪತ್ತೇದಾರ ತೆಪ್ಪಗೆ ಹೊರಟುಹೋಗುತ್ತಾನೆ. ಇಂಥವಳಿಗೆ ಖಳರನ್ನು ಬಗ್ಗಿಸುವುದು ಯಾವ ಲೆಕ್ಕ?

ಕೊಟ್ಟ ಮಾತಿನ ವಿಷಯಕ್ಕೆ ಬಂದರೆ ನಾಯಕರ ದಾಖಲೆ ಅಷ್ಟೇನೂ ಉಜ್ವಲವಲ್ಲ. 1992ರಲ್ಲಿ ಕಾರ್ನೇಜ್ ಎಂಬ ರಕ್ತಪಿಪಾಸು ಹುಟ್ಟಿಕೊಂಡಾಗ ಸ್ಪೈಡರ್‌ಮ್ಯಾನ್ ಒಬ್ಬನ ಕೈಯಲ್ಲಿ ಆಗಲಿಲ್ಲ. ಅವನ ಪರಮವೈರಿ ವೆನಮ್ ದ್ವೀಪವೊಂದರಲ್ಲಿ ತನ್ನ ಪಾಡಿಗೆ ತಾನಿದ್ದ. ಸ್ಪೈಡರ್‌ಮ್ಯಾನ್ ಅಲ್ಲಿಗೇ ಹೋಗಿ ಅವನನ್ನು ಕರೆತಂದ. ಇಬ್ಬರೂ ಸೇರಿ ಕಾರ್ನೇಜ್‌ನನ್ನು ಮಣಿಸಿದರು. ಆಮೇಲೆ? ಸ್ಪೈಡರ್‌ಮ್ಯಾನ್ ವೆನಮ್‌ನನ್ನು ಹಿಡಿದು ಕೊಡಿಸಿದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವವರ ಸಾಲಿನಲ್ಲಿ ನಮ್ಮ ಹುಡುಗನೂ ನಿಂತ. ವೆನಮ್ ಕೊಲೆಗಾರ, ಒಪ್ಪಿದೆ. ದ್ವೀಪಕ್ಕೆ ಹೋಗಿ ಕೈಹಿಡಿದು ಕರೆದಾಗಲೂ ಅವನು ಕೊಲೆಗಾರನೇ ಆಗಿದ್ದನಲ್ಲ.

ಇದೆಲ್ಲ ತಲೆಕೆಳಗಾದದ್ದು 1997ರಲ್ಲಿ. ಅವೆಂಜರ್ಸ್ ಎಲ್ಲ ಸತ್ತರೆಂದು ಜನ ನಂಬಿದ್ದ ಕಾಲಕ್ಕೆ ಥಂಡರ್‌ಬೋಲ್ಟ್ಸ್ ಎಂಬ ಹೊಸ ವೀರರ ತಂಡ ಪ್ರತ್ಯಕ್ಷವಾಯಿತು. ಕರ್ಟ್ ಬ್ಯೂಸಿಕ್ ಬರೆದು ಮಾರ್ಕ್ ಬ್ಯಾಗ್ಲಿ ಚಿತ್ರಿಸಿದ ಆ ಮೊದಲ ಸಂಚಿಕೆಯ ಕೊನೆಯ ಪುಟದಲ್ಲಿ ಮುಖವಾಡ ಕಳಚುತ್ತದೆ: ಇವರೆಲ್ಲ ಬ್ಯಾರನ್ ಜೀಮೋನ ಖಳರ ಪಡೆ! ಇಲ್ಲಿ ಯಾರೂ ಇವರನ್ನು ಕರೆದಿರಲಿಲ್ಲ, ಖಾಲಿ ಹುದ್ದೆ ಕಂಡು ತಾವೇ ಭರ್ತಿಯಾದವರು. ಜನರ ವಿಶ್ವಾಸ ಗಳಿಸಿ ಜಗತ್ತನ್ನು ಕೈವಶ ಮಾಡಿಕೊಳ್ಳುವುದು ಜೀಮೋನ ಲೆಕ್ಕ. ಆದರೆ ಚಪ್ಪಾಳೆ ಎಂಬ ಚಾಳಿ ಅವನ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಬೀದಿಯ ಜನ ಕೈಕುಲುಕಿದರು, ಮಕ್ಕಳು ಹೆಸರು ಕೂಗಿದರು. ಸಾಂಗ್‌ಬರ್ಡ್‌ಳಂಥ ಕೆಲವರಿಗೆ ನಾಟಕದ ಪಾತ್ರವೇ ರುಚಿಸತೊಡಗಿತು. ಬಳೆ, ಬಾಂಬು, ಮಾಟ ಯಾವುದೂ ಬೇಕಾಗಲಿಲ್ಲ. ಇಡೀ ಪ್ರಕಾರದಲ್ಲಿ ನನಗೆ ತೀರಾ ಇಷ್ಟವಾದ ತಿರುವು ಇದು.

ಇದನ್ನು ನೋಡಿ ಸರ್ಕಾರಗಳು ಬೇರೆಯದೇ ಪಾಠ ಕಲಿತವು. 2008ರ ಕತೆಯೊಂದರಲ್ಲಿ ರೂಪ ಬದಲಿಸುವ ಅನ್ಯಗ್ರಹದ ಸ್ಕ್ರಲ್‌ಗಳು ಭೂಮಿಗೆ ದಾಳಿಯಿಟ್ಟರು. ಆಗಲೇ ಖಳರ ಸರ್ಕಾರಿ ತಂಡವೊಂದನ್ನು ನಡೆಸುತ್ತಿದ್ದ ನಾರ್ಮನ್ ಆಸ್ಬರ್ನ್, ಅಂದರೆ ಸ್ಪೈಡರ್‌ಮ್ಯಾನ್‌ನ ಹಳೆಯ ವೈರಿ ಸಾಕ್ಷಾತ್ ಗ್ರೀನ್ ಗಾಬ್ಲಿನ್, ಟೀವಿ ಕ್ಯಾಮೆರಾಗಳ ಎದುರೇ ಸ್ಕ್ರಲ್ ರಾಣಿಗೆ ಗುಂಡು ಹೊಡೆದ. ಅಷ್ಟಕ್ಕೇ ದೇಶದ ಭದ್ರತೆಯ ಬೀಗದ ಕೈ ಅವನ ಕೈಗೆ ಬಂತು. ಕಳ್ಳನ ಕೈಗೆ ಬೀಗದ ಕೈ ಸಿಕ್ಕರೆ ಆಗುವುದೇ ಆಯಿತು: ಕೊಲೆಗಾರ ಬುಲ್ಸ್‌ಐಗೆ ಹಾಕ್‌ಐ ವೇಷ, ಹೊಸ ವೆನಮ್‌ಗೆ ಸ್ಪೈಡರ್‌ಮ್ಯಾನ್ ವೇಷ, ಮೂನ್‌ಸ್ಟೋನ್‌ಗೆ ಮಿಸ್ ಮಾರ್ವೆಲ್ ವೇಷ. ತಂಡಕ್ಕೆ ಅವೆಂಜರ್ಸ್ ಎಂದೇ ಹೆಸರು. 2010ರಲ್ಲಿ ಆಸ್ಬರ್ನ್ ದೇವತೆಗಳ ಆಸ್ಗಾರ್ಡ್ ಮೇಲೆಯೇ ಏರಿಹೋಗಿ, ನಗರ ಕುಸಿದುಬಿದ್ದ ಮೇಲಷ್ಟೇ ಅವನ ಅಧಿಕಾರ ಮುಗಿಯಿತು.

ಇನ್ನಾದರೂ ಬುದ್ಧಿ ಬರಬೇಕಲ್ಲ? ಅದೇ ವರ್ಷ ಖಳರ ತಂಡವನ್ನು ಮತ್ತೆ ಕಟ್ಟಿದರು. ಈ ಸಲ ಉಸ್ತುವಾರಿ ಲ್ಯೂಕ್ ಕೇಜ್‌ಗೆ, ಮಾಡದ ತಪ್ಪಿಗೆ ಜೈಲು ಕಂಡ ಸಜ್ಜನ. ರಾಫ್ಟ್ ಎಂಬ ಜೈಲಿನೊಳಗೆ ಅವನು ಆರಿಸಿಕೊಂಡವರಲ್ಲಿ ಜಗರ್‌ನಾಟ್ ಇದ್ದ, ಕ್ರಾಸ್‌ಬೋನ್ಸ್ ಇದ್ದ. ಮೂನ್‌ಸ್ಟೋನ್ ಕೂಡ ಇದ್ದಳು. ಜೀಮೋನ ಮೊದಲ ತಂಡದಲ್ಲೂ ಅವಳೇ, ಆಸ್ಬರ್ನ್‌ನ ಸರ್ಕಾರಿ ತಂಡದಲ್ಲೂ ಅವಳೇ, ನಕಲಿ ಅವೆಂಜರ್ಸ್‌ನಲ್ಲೂ ಅವಳೇ. ಅಧಿಕಾರಿಗಳು ಬಂದರು, ಹೋದರು, ತಂಡದ ಹೆಸರು ಬದಲಾಯಿತು, ಅವಳ ನೌಕರಿ ಮಾತ್ರ ಕಾಯಂ. ಮೂಲ ವೃತ್ತಿಯಲ್ಲಿ ಆಕೆ ಮನೋಚಿಕಿತ್ಸಕಿ. ಸಂದರ್ಶನದಲ್ಲಿ ಯಾರಿಗೆ ಯಾವ ಉತ್ತರ ಬೇಕೆಂದು ಚೆನ್ನಾಗಿಯೇ ಗೊತ್ತಿರಬೇಕು.